ವಾಯುಬಂದೂಕಿಗೆ ಗಾಳಿ ತುಂಬುವ ಯಂತ್ರ: ಅದರ ಆಯ್ಕೆ ಮತ್ತು ಸ್ಥಾಪನೆ

ಗಾಳಿಯು ಕಣ್ಣಿಗೆ ಕಾಣದು, ಕೈಗೆ ಸಿಲುಕದು. ಆದರೆ ಅದನ್ನು ಕಿರಿದಾದ ಲೋಹದ ಸಿಲಿಂಡರಿನೊಳಗೆ ಒತ್ತಿ ತುಂಬಿದರೆ, ಸೀಸದ ಸಣ್ಣ ಗುಂಡನ್ನು ಹತ್ತು ಮೀಟರ್ ದೂರದ ಗುರಿಗೆ ಮುಟ್ಟಿಸುವ ಬಲವು ಅದಕ್ಕೆ ಒದಗುತ್ತದೆ. ಈ ತತ್ತ್ವದ ಮೇಲೆ ರಚಿತವಾದ ಸಾಧನವೇ ವಾಯುಬಂದೂಕು. ರೂಢಿಯ ಮಾತಿನಲ್ಲಿ ಏರ್‌ಗನ್. ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮೊದಲಿಗೆ ಸೇರ್ಪಡೆಯಾಯಿತು. 2008ರಲ್ಲಿ ಬೀಜಿಂಗ್ ನಗರದಲ್ಲಿ ಅಭಿನವ್ ಬಿಂದ್ರಾ ಅವರು ಇದೇ ಸ್ಪರ್ಧೆಯಲ್ಲಿ ಭಾರತದ ಮೊಟ್ಟಮೊದಲ ವೈಯಕ್ತಿಕ ಒಲಿಂಪಿಕ್ ಸ್ವರ್ಣಪದಕವನ್ನು ಪಡೆದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಅವರು ಏರ್ ಪಿಸ್ತೂಲಿನಲ್ಲಿ ಕಂಚಿನ ಪದಕ ಗಳಿಸಿದರು. ಇಂತಹ ಸಾಧನೆಗಳನ್ನು ಕಂಡ ಎಳೆಯರು ಈ ಕ್ರೀಡೆಯತ್ತ ಒಲಿಯುವುದು ಸಹಜವೇ. ಆದರೆ ಬಂದೂಕನ್ನು ಆರಿಸುವಾಗ ತೋರುವ ಎಚ್ಚರವನ್ನು ಅದಕ್ಕೆ ಗಾಳಿಯುಣಿಸುವ ಯಂತ್ರದ ವಿಷಯದಲ್ಲಿ ಎಲ್ಲರೂ ತೋರುವುದಿಲ್ಲ. ಅಪಾಯವು ಅಡಗಿರುವುದು ಅಲ್ಲಿಯೇ. ಆದುದರಿಂದ ಆ ಯಂತ್ರದ ಸ್ವರೂಪವನ್ನು ಇಲ್ಲಿ ವಿವೇಚಿಸಲಾಗಿದೆ.

ಗಾಳಿಯ ಬಲದಿಂದ ಗುಂಡು ಹಾರಿಸುವುದು ಹೊಸ ವಿದ್ಯೆಯೇನಲ್ಲ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಆಸ್ಟ್ರಿಯಾದ ಸೇನೆಯು ಗಿರಾಂಡೋನಿ ಎಂಬ ಕುಶಲಿ ರೂಪಿಸಿದ ವಾಯುಬಂದೂಕನ್ನು ಬಳಸುತ್ತಿತ್ತು. ಅದರ ಹಿಂಬದಿಯ ಹಿಡಿಯೇ ಗಾಳಿಯ ಪಾತ್ರೆ. ಅದನ್ನು ತುಂಬಲು ಕೈಪಂಪನ್ನು ಸುಮಾರು 1500 ಬಾರಿ ಒತ್ತಬೇಕಾಗುತ್ತಿತ್ತೆಂದು ಹೇಳುತ್ತಾರೆ. ಕೈಪಂಪು ಇಂದಿಗೂ ಉಂಟು. ಒಬ್ಬನ ಅಭ್ಯಾಸಕ್ಕೆ ಅದು ಸಾಕು. ಹಲವರು ಕಲಿಯುವ ಶಾಲೆಗೆ ಕಂಪ್ರೆಸರ್ ಎಂದು ಕರೆಯುವ ವಾಯುಸಂಪೀಡಕ ಯಂತ್ರವು ಬೇಕಾಗುತ್ತದೆ.

ಒತ್ತಡವನ್ನು ಅಳೆಯುವ ಮಾನಕ್ಕೆ ಬಾರ್ ಎಂದು ಹೆಸರು. ನಮ್ಮನ್ನು ಸುತ್ತುವರಿದ ವಾಯುಮಂಡಲದ ಒತ್ತಡವು ಸುಮಾರು ಒಂದು ಬಾರ್. ಕಾರಿನ ಚಕ್ರದಲ್ಲಿ ಎರಡು ಬಾರ್‌ಗಿಂತ ತುಸು ಹೆಚ್ಚು. ಪಂಕ್ಚರ್ ಅಂಗಡಿಯ ಕಂಪ್ರೆಸರಿನಲ್ಲಿ ಎಂಟೋ ಹತ್ತೋ ಬಾರ್. ಸ್ಪರ್ಧೆಯ ಏರ್ ರೈಫಲ್ಲಿನ ಸಿಲಿಂಡರಿಗಾದರೋ ಸಾಮಾನ್ಯವಾಗಿ 200 ಬಾರ್ ಬೇಕು. ಎಂದರೆ ಒಂದೊಂದು ಚದರ ಸೆಂಟಿಮೀಟರಿನ ಮೇಲೆಯೂ 200 ಕಿಲೋಗ್ರಾಮಿಗೆ ಮಿಗಿಲಾದ ಭಾರ. ಪಂಕ್ಚರ್ ಅಂಗಡಿಯ ಯಂತ್ರವು ಈ ಕೆಲಸಕ್ಕೆ ಏಕೆ ಒದಗದೆಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ.

ಗಾಳಿಯನ್ನು ಒತ್ತಿದಾಗ ಅದು ಕಾಯುತ್ತದೆ. ಸೈಕಲ್ ಪಂಪಿನ ಬುಡವನ್ನು ಮುಟ್ಟಿದವರಿಗೆಲ್ಲ ಇದು ಅನುಭವಸಿದ್ಧ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯನ್ನು, ಶಾಖವು ಹೊರಹೋಗಲು ಎಡೆಗೊಡದೆ, ಒಂದೇ ಬಾರಿಗೆ 300 ಬಾರ್‌ಗೆ ಒತ್ತಿದರೆ ಅದರ ಉಷ್ಣತೆಯು ಲೆಕ್ಕದಂತೆ ಸಾವಿರ ಡಿಗ್ರಿಯನ್ನು ಮೀರುತ್ತದೆ. ಎರಡು ಹಂತಗಳಲ್ಲಿ ಒತ್ತಿ, ನಡುವೆ ತಣಿಸಿದರೆ ಒಂದೊಂದು ಹಂತದಲ್ಲಿಯೂ 400 ಡಿಗ್ರಿಯ ಸುತ್ತಮುತ್ತ. ಮೂರು ಹಂತಗಳಾದರೆ 250ರ ಆಸುಪಾಸು. ಒಳಗಿನ ಎಣ್ಣೆಯು ಅತಿಯಾಗಿ ಕಾದರೆ ಹೊತ್ತಿಕೊಳ್ಳಬಹುದು. ಆದಕಾರಣ ಯಂತ್ರವನ್ನು ಕೊಳ್ಳುವಾಗ ಅದು ಎಷ್ಟು ಬಾರ್ ಮುಟ್ಟುತ್ತದೆಂದು ಕೇಳಿದರೆ ಸಾಲದು. ಎಷ್ಟು ಹಂತಗಳಲ್ಲಿ ಮುಟ್ಟುತ್ತದೆ, ಹೇಗೆ ತಣಿಯುತ್ತದೆ, ಬಿಡುವಿಲ್ಲದೆ ಎಷ್ಟು ಹೊತ್ತು ನಡೆಯಬಲ್ಲುದು ಎಂದು ಕೇಳಬೇಕು.

ಎರಡನೆಯ ವೈರಿ ನೀರು. 30 ಡಿಗ್ರಿ ಉಷ್ಣತೆಯ ಮಳೆಗಾಲದ ಗಾಳಿಯಲ್ಲಿ, ತೇವಾಂಶವು ನೂರಕ್ಕೆ 80ರಷ್ಟಿದ್ದರೆ, ಸಾವಿರ ಲೀಟರಿಗೆ ಸುಮಾರು 24 ಗ್ರಾಂ ನೀರಿನ ಆವಿ ಇರುತ್ತದೆ. ಹೆಚ್ಚುಕಡಮೆ ಐದು ಚಹಾ ಚಮಚೆಯಷ್ಟು. ಗಾಳಿಯನ್ನು ಒತ್ತಿದಾಗ ಆವಿಗೆ ಇರಲು ಸ್ಥಳ ಸಾಲದೆ ಬಹುಪಾಲು ನೀರಾಗಿ ಇಳಿಯುತ್ತದೆ. ಆ ನೀರು ಉಕ್ಕಿನ ಸಿಲಿಂಡರನ್ನು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ; ಬಂದೂಕಿನ ಸೂಕ್ಷ್ಮವಾದ ಕವಾಟಗಳನ್ನು ಕೆಡಿಸುತ್ತದೆ. ಹೊರಗೆ ಹೊಳೆಯುವ ಬಣ್ಣವನ್ನು ನೋಡಿ ಒಳಗಿನ ತುಕ್ಕನ್ನು ಅರಿಯಲಾಗದು. ಆದುದರಿಂದ ನೀರನ್ನೂ ಎಣ್ಣೆಯನ್ನೂ ಬೇರ್ಪಡಿಸುವ ಭಾಗ ಮತ್ತು ತೇವವನ್ನು ಹೀರುವ ಫಿಲ್ಟರ್ ಇಲ್ಲದ ಯಂತ್ರವು ಅಗ್ಗವಾದರೂ ದುಬಾರಿಯೇ.

ಇನ್ನು ಅಗತ್ಯದ ಲೆಕ್ಕ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಇಲ್ಲಿ ಸಲ್ಲುತ್ತದೆ. ಬಂದೂಕಿನ ಸಿಲಿಂಡರಿನ ಗಾತ್ರವು 0.2 ಲೀಟರ್ ಎಂದಿಟ್ಟುಕೊಳ್ಳೋಣ. ಅದನ್ನು 100 ಬಾರ್‌ನಿಂದ 200 ಬಾರ್‌ಗೆ ಏರಿಸಲು ಸುಮಾರು 20 ಲೀಟರ್ ಹೊರಗಾಳಿ ಬೇಕು. ಹನ್ನೆರಡು ವಿದ್ಯಾರ್ಥಿಗಳ ಒಂದು ದಿನದ ಅಭ್ಯಾಸಕ್ಕೆ 240 ಲೀಟರ್. 10 ಲೀಟರ್ ಗಾತ್ರದ ಸಂಗ್ರಹ ಸಿಲಿಂಡರೊಂದನ್ನು 300 ಬಾರ್‌ಗೆ ತುಂಬಿಟ್ಟರೆ, ಅದು 200ಕ್ಕೆ ಇಳಿಯುವಷ್ಟರಲ್ಲಿ ಸಾವಿರ ಲೀಟರಿನಷ್ಟು ಗಾಳಿಯನ್ನು ಕೊಡುತ್ತದೆ. ನಾಲ್ಕು ದಿನಗಳಿಗೆ ಅದು ಸಾಕು. ಮತ್ತೆ 300ಕ್ಕೆ ಏರಿಸಲು ನಿಮಿಷಕ್ಕೆ 100 ಲೀಟರ್ ಒತ್ತುವ ಯಂತ್ರಕ್ಕೆ ಹತ್ತು ನಿಮಿಷ, 35 ಲೀಟರ್ ಒತ್ತುವ ಯಂತ್ರಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಬಿಡುವು ಕೊಟ್ಟು ನಡೆಸುವ ತಾಳ್ಮೆಯಿದ್ದರೆ ಸಾಧಾರಣ ಯಂತ್ರ ಮತ್ತು ಒಂದು ಒಳ್ಳೆಯ ಸಂಗ್ರಹ ಸಿಲಿಂಡರು ಶಾಲೆಗೆ ಸಾಕಾಗುತ್ತವೆ. ಆ ಸಿಲಿಂಡರು 2016ರ ಅನಿಲ ಸಿಲಿಂಡರ್ ನಿಯಮಗಳಿಗೆ ಒಳಪಟ್ಟು, ಪರೀಕ್ಷೆಯ ದಿನಾಂಕದ ಮುದ್ರೆಯುಳ್ಳದ್ದಾಗಿರಬೇಕು. ಬಂದೂಕಿನ ಸಿಲಿಂಡರಿಗೂ ಆಯುಷ್ಯವುಂಟು. ಅದರ ಮೇಲಿನ ಅವಧಿ ಮುಗಿದ ಬಳಿಕ ತುಂಬಲಾಗದು.

ಸ್ಥಾಪನೆಯ ಕ್ರಮ ಹೀಗೆ. ಯಂತ್ರವು ಸಮತಟ್ಟಾದ ನೆಲದ ಮೇಲೆ, ಗಾಳಿಯಾಡುವ ಕೊಠಡಿಯಲ್ಲಿ, ಮಕ್ಕಳ ಓಡಾಟದಿಂದ ದೂರವಿರಲಿ. ಗಾಳಿಯನ್ನು ಒಳಗೆಳೆಯುವ ಬಾಯಿಯ ಬಳಿ ವಾಹನದ ಹೊಗೆ, ಅಡಿಗೆಮನೆಯ ಹೊಗೆ, ಧೂಳು ಸುಳಿಯಬಾರದು. 1800 ವಾಟ್ ಮೋಟಾರಿಗೆ ಭೂಸಂಪರ್ಕವುಳ್ಳ 16 ಆಂಪಿಯರ್ ಸಾಕೆಟ್ಟು ಬೇಕು. ತೆಳುವಾದ ಉದ್ದನೆಯ ತಂತಿ ಸಲ್ಲದು. ತಯಾರಕರು ಹೇಳಿದ ಕಂಪ್ರೆಸರ್ ಎಣ್ಣೆಯನ್ನೇ ಗುರುತಿನ ಮಟ್ಟಕ್ಕೆ ಹಾಕಬೇಕು. ವಾಹನದ ಎಂಜಿನ್ ಎಣ್ಣೆ ಕೂಡದು. ನೀರಿನಿಂದ ತಣಿಯುವ ಯಂತ್ರವಾದರೆ ಮೊದಲು ನೀರು ಹರಿಯತೊಡಗಿದೆಯೆಂದು ನೋಡಿ, ಆ ಬಳಿಕ ಮೋಟಾರನ್ನು ಚಾಲೂ ಮಾಡಬೇಕು. ಮೊದಲ ಕೆಲವು ನಿಮಿಷ ಕವಾಟವನ್ನು ತೆರೆದಿಟ್ಟು ಹೊರೆಯಿಲ್ಲದೆ ನಡೆಸಿ, ಅನಂತರ ಒತ್ತಡವನ್ನು ಹಂತಹಂತವಾಗಿ ಏರಿಸಬೇಕು. ಸೋರಿಕೆಯನ್ನು ಸಾಬೂನಿನ ನೊರೆಯಿಂದ ಕಂಡುಹಿಡಿಯಬೇಕೇ ಹೊರತು ಬೆರಳಿನಿಂದಲ್ಲ. ಸೋರುವ ಕೀಲನ್ನು ಬಿಗಿಮಾಡುವ ಮೊದಲು ಒತ್ತಡವನ್ನೆಲ್ಲ ಇಳಿಸಬೇಕು.

ತುಂಬುವಾಗ ನಿಧಾನವೇ ಪ್ರಧಾನ. ಬೇಗ ತುಂಬಿದರೆ ಸಿಲಿಂಡರು ಕಾಯುತ್ತದೆ; ತಣಿದಾಗ ಮಾಪಕದ ಮುಳ್ಳು ಇಳಿಯುತ್ತದೆ. ಆ ಇಳಿತವನ್ನು ಸರಿದೂಗಿಸಲೆಂದು ಮಿತಿಯನ್ನು ಮೀರಿ ತುಂಬಬಾರದು. ಶೇಖರವಾದ ನೀರನ್ನು ಆಗಾಗ ಹೊರಬಿಡಬೇಕು. ಕೊಳವೆಯನ್ನು ಬಿಚ್ಚುವ ಮುನ್ನ ಅದರೊಳಗೆ ಉಳಿದ ಗಾಳಿಯನ್ನು ಕವಾಟದಿಂದ ಬಿಡಬೇಕು; ಇಲ್ಲವಾದರೆ ಅದು ಹಾವಿನಂತೆ ಹೊರಳಿ ಹೊಡೆಯುತ್ತದೆ. ಒತ್ತಡ ಮೀರಿದಾಗ ಒಡೆದು ಯಂತ್ರವನ್ನು ಕಾಯುವ ತೆಳು ಬಿಲ್ಲೆಯೊಂದಿರುತ್ತದೆ. ಅದು ಒಡೆದರೆ ಅದೇ ಅಳತೆಯ ಬಿಲ್ಲೆಯನ್ನೇ ಹಾಕಬೇಕು; ಮತ್ತಾವ ಲೋಹದ ತುಂಡನ್ನೂ ಇಡಲಾಗದು. ಆಸ್ಪತ್ರೆಯ ಅಥವಾ ವೆಲ್ಡಿಂಗ್ ಅಂಗಡಿಯ ಆಮ್ಲಜನಕವನ್ನು ಬಂದೂಕಿಗೆ ಎಂದಿಗೂ ತುಂಬಬಾರದು. ಒತ್ತಡದಲ್ಲಿರುವ ಆಮ್ಲಜನಕವು ಎಣ್ಣೆಯ ಪಸೆಗೆ ತಾಗಿದರೆ ಸ್ಫೋಟವಾಗುವ ಭಯವುಂಟು.

ಕೊನೆಯದಾಗಿ, ಯಂತ್ರದ ಪಕ್ಕದಲ್ಲಿ ಒಂದು ದಾಖಲೆ ಪುಸ್ತಕವಿರಲಿ. ನಡೆದ ಅವಧಿ, ಎಣ್ಣೆ ಬದಲಿಸಿದ ದಿನ, ಫಿಲ್ಟರ್ ಬದಲಿಸಿದ ದಿನ, ಸಿಲಿಂಡರಿನ ಪರೀಕ್ಷೆಯ ದಿನ ಇವನ್ನು ಹೊಣೆಯುಳ್ಳ ಒಬ್ಬ ಅಧ್ಯಾಪಕರು ಬರೆದು ಸಹಿ ಮಾಡಲಿ. ವಿದ್ಯಾರ್ಥಿಗಳು ತಾವಾಗಿ ಯಂತ್ರವನ್ನು ಮುಟ್ಟದೆ, ಹಿರಿಯರ ಜೊತೆಯಲ್ಲಿ ನಿಂತು ಅದರ ಕ್ರಮವನ್ನು ಕಲಿಯಲಿ. ಗುರಿಯ ಮುಂದೆ ಉಸಿರನ್ನು ಹಿಡಿದು ನಿಲ್ಲಲು ಕಲಿಯುವವನಿಗೆ, ಬಂದೂಕಿನೊಳಗಿನ ಗಾಳಿಯು ಎಲ್ಲಿಂದ ಹೇಗೆ ಬಂದಿತೆಂಬುದೂ ತಿಳಿದಿರಬೇಕು.