ಮಾನಸಿಕ ಸಾಮರ್ಥ್ಯದ ಕಾಯಿದೆ ಮತ್ತು ರೋಗಿಯ ಭಾಷೆ

ಕನ್ನಡನಾಡಿನ ಉತ್ತರ ಭಾಗದಲ್ಲಿ ಹುಚ್ಚಪ್ಪ, ಹುಚ್ಚವ್ವ ಎಂಬ ಹೆಸರುಗಳು ಅಪರೂಪವಲ್ಲ. ಮರುಳಸಿದ್ಧನೆಂಬುದು ಪೂಜ್ಯರ ಹೆಸರು. ಮರಾಠಿಯ 'ವೇಡ'ವೂ ಹೀಗೆಯೇ. ಬುದ್ಧಿಭ್ರಮಣೆಗೂ ಆ ಪದವೇ, ಒಂದರ ಮೇಲಣ ಅತಿಯಾದ ಪ್ರೀತಿಗೂ ಆ ಪದವೇ. ಜನರ ನಾಲಗೆ ಇಷ್ಟು ಸಲುಗೆಯಿಂದ ಬಳಸಿದ ಮಾತು ಕಾಯಿದೆಯ ಪುಸ್ತಕದಲ್ಲಿ ಮಾತ್ರ ಬಹುಕಾಲ ಕಠೋರವಾಗಿಯೇ ಉಳಿದಿತ್ತು. 1912ರ ಬ್ರಿಟಿಷ್ ಕಾಯಿದೆಯು ರೋಗಿಯನ್ನು 'ಲೂನಟಿಕ್' ಎಂದು ಕರೆಯಿತು. ಚಂದ್ರನನ್ನು ಹೇಳುವ ಲ್ಯಾಟಿನ್ ಪದದಿಂದ ಹುಟ್ಟಿದ ಆ ಹೆಸರಿನಲ್ಲಿ ಬೆಳದಿಂಗಳ ಸೌಮ್ಯತೆ ಏನೂ ಇರಲಿಲ್ಲ. ಅಂಥವನನ್ನು ಸಮಾಜದಿಂದ ಬೇರ್ಪಡಿಸಿ ಇಡುವುದು ಹೇಗೆ, ಅವನ ಆಸ್ತಿಯನ್ನು ನೋಡಿಕೊಳ್ಳುವವರು ಯಾರು ಎಂಬುದೇ ಆ ಕಾಯಿದೆಯ ಮುಖ್ಯ ಚಿಂತೆ. 1987ರ ಕಾಯಿದೆ ಹೆಸರನ್ನು ಬದಲಿಸಿತು, ದೃಷ್ಟಿಯನ್ನು ಅಷ್ಟಾಗಿ ಬದಲಿಸಲಿಲ್ಲ.

2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ ರೋಗಿಗಳನ್ನು ಇರಿಸಿದ್ದ ಗುಡಿಸಲಿಗೆ ಬೆಂಕಿ ಹತ್ತಿತು. ಅವರ ಕಾಲುಗಳಿಗೆ ಸರಪಳಿ ಬಿಗಿದಿತ್ತು. 28 ಜನ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. 2007ರಲ್ಲಿ ಭಾರತವು ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಮೋದಿಸಿತು. ಇವೆರಡರ ಬಳಿಕ ಬಂದದ್ದೇ 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ. ಅದು ಜಾರಿಗೆ ಬಂದದ್ದು 2018ರ ಮೇ 29ರಂದು. ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಕಟ್ಟುವುದನ್ನು ಈ ಕಾಯಿದೆ ಸಂಪೂರ್ಣವಾಗಿ ನಿಷೇಧಿಸಿದೆ. ಇಂಥ ಒಂದು ನಿಷೇಧವನ್ನು ಇಪ್ಪತ್ತೊಂದನೆಯ ಶತಮಾನದಲ್ಲಿ ಬರೆದಿಡಬೇಕಾಯಿತು ಎಂಬುದನ್ನೂ ಗಮನಿಸಬೇಕು.

ಕಾಯಿದೆಯ ತಿರುಳು ಅದರ ನಾಲ್ಕನೆಯ ಕಲಮಿನಲ್ಲಿದೆ. ಮಾನಸಿಕ ರೋಗವಿರುವ ವ್ಯಕ್ತಿಯೂ ಸೇರಿದಂತೆ ಪ್ರತಿಯೊಬ್ಬನಿಗೂ ತನ್ನ ಚಿಕಿತ್ಸೆಯ ಬಗ್ಗೆ ನಿರ್ಧರಿಸುವ ಸಾಮರ್ಥ್ಯ ಉಂಟೆಂದು ಅದು ಮೊದಲಿಗೆ ಒಪ್ಪಿಕೊಳ್ಳುತ್ತದೆ. ಆ ಸಾಮರ್ಥ್ಯಕ್ಕೆ ಮೂರು ಗುರುತುಗಳು: ನಿರ್ಧಾರಕ್ಕೆ ಬೇಕಾದ ಮಾಹಿತಿಯನ್ನು ತಿಳಿದುಕೊಳ್ಳುವುದು, ನಿರ್ಧಾರದ ಪರಿಣಾಮವನ್ನು ಗ್ರಹಿಸುವುದು, ಮಾತಿನಿಂದಲೋ ಸನ್ನೆಯಿಂದಲೋ ಬೇರೆ ಯಾವುದಾದರೂ ಬಗೆಯಿಂದಲೋ ನಿರ್ಧಾರವನ್ನು ತಿಳಿಸುವುದು. ಭಾಷೆಯ ವಿದ್ಯಾರ್ಥಿಗಳಿಗೆ ಇಲ್ಲೊಂದು ಸ್ವಾರಸ್ಯವಿದೆ. ಈ ಮೂರನ್ನೂ ಕಾಯಿದೆಯು 'ಮತ್ತು' ಎಂಬ ಅವ್ಯಯದಿಂದ ಜೋಡಿಸಿಲ್ಲ, 'ಅಥವಾ' ಎಂಬುದರಿಂದ ಜೋಡಿಸಿದೆ. ಅಕ್ಷರಶಃ ಓದಿದರೆ ಮೂರರಲ್ಲಿ ಒಂದಿದ್ದರೂ ಸಾಕು. ಪರಿಣಾಮ ತಿಳಿಯದೆ 'ಬೇಡ' ಎಂದಷ್ಟೇ ಹೇಳಬಲ್ಲವನನ್ನೂ ಸಮರ್ಥನೆನ್ನಬೇಕೆ ಎಂದು ಮನೋವೈದ್ಯರು ಆಕ್ಷೇಪಿಸಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. ಒಂದು ಅವ್ಯಯದ ಮೇಲೆ ಮನುಷ್ಯನ ಸ್ವಾತಂತ್ರ್ಯ ಹೀಗೆ ತೂಗಾಡುವುದನ್ನು ವ್ಯಾಕರಣದ ತರಗತಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ: ರೋಗಿಯ ನಿರ್ಧಾರ ಇತರರಿಗೆ ತಪ್ಪೆಂದು ತೋರಿದ ಮಾತ್ರಕ್ಕೆ ಅವನಿಗೆ ಸಾಮರ್ಥ್ಯವಿಲ್ಲವೆಂದು ಎಣಿಸಕೂಡದು. ಮನೆಯವರಿಗೆ ಇದು ಬಿಸಿ ತುಪ್ಪ. ನುಂಗಲೂ ಆಗದು, ಉಗುಳಲೂ ಆಗದು. ಮೂರನೆಯ ಕಲಮು ಮತ್ತೂ ಒಂದು ಹೆಜ್ಜೆ ಮುಂದೆ ಹೋಗಿ, ಸಮಾಜದ ರೂಢಿಗೆ ಅಥವಾ ನೀತಿಗೆ ಹೊಂದಿಕೊಳ್ಳದವನನ್ನು ಆ ಕಾರಣಕ್ಕಾಗಿಯೇ ಮನೋರೋಗಿ ಎನ್ನಬಾರದೆಂದು ಹೇಳುತ್ತದೆ.

ಗಡಿಭಾಗದ ಕನ್ನಡಿಗರಿಗೆ ಹೆಚ್ಚು ಮುಖ್ಯವಾದದ್ದು ಇದರ ಭಾಷಾಮುಖ. ಮಾಹಿತಿಯನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ, ಸರಳ ಮಾತಿನಲ್ಲಿ, ಬೇಕಾದರೆ ಸಂಜ್ಞೆಯಲ್ಲಿ ಅಥವಾ ಚಿತ್ರಗಳ ಮೂಲಕ ಕೊಡಬೇಕೆಂದು ಕಾಯಿದೆ ವಿಧಿಸುತ್ತದೆ. ಅಕ್ಕಲಕೋಟೆ ಕಡೆಯ ಹಳ್ಳಿಯೊಂದರಿಂದ, ಕನ್ನಡವಲ್ಲದೆ ಬೇರೆ ಭಾಷೆ ಬಾರದ ವೃದ್ಧೆಯೊಬ್ಬಳನ್ನು ಮರಾಠಿ ಮಾತ್ರ ಬಲ್ಲ ವೈದ್ಯರ ಮುಂದೆ ಕೂರಿಸಿದರೆಂದು ಭಾವಿಸೋಣ. ಪ್ರಶ್ನೆ ಮರಾಠಿಯಲ್ಲಿ ಬರುತ್ತದೆ. ಆಕೆ ಸುಮ್ಮನೆ ನೋಡುತ್ತಾಳೆ, ಅಥವಾ ಕೇಳಿದ್ದಕ್ಕೆ ಸಂಬಂಧವಿಲ್ಲದ್ದನ್ನು ಹೇಳುತ್ತಾಳೆ. 'ತಿಳಿವಳಿಕೆ ಇಲ್ಲ' ಎಂಬ ಷರಾ ಕಾಗದದ ಮೇಲೆ ಬೀಳುವುದಕ್ಕೆ ಇಷ್ಟು ಸಾಕು. ಇಲ್ಲದ್ದು ಮರಾಠಿಯೋ ತಿಳಿವಳಿಕೆಯೋ ಎಂದು ಆಮೇಲೆ ವಿಚಾರಿಸುವವರು ಯಾರು?

ಜೊತೆಗೆ ಬಂದ ಮಗನೋ ಸೊಸೆಯೋ ದುಭಾಷಿಯಾದರೆ ಸಮಸ್ಯೆ ಮುಗಿಯುವುದಿಲ್ಲ. ಆಕೆ "ಹೊಟ್ಟ್ಯಾಗ ಸಂಕಟ ಆಗತೈತಿ" ಎನ್ನುತ್ತಾಳೆ. ಕನ್ನಡದಲ್ಲಿ ಅದು ವಾಕರಿಕೆಯೂ ಹೌದು, ಒಳಗೊಳಗೇ ಬೇಯುವ ದುಃಖವೂ ಹೌದು. ಮರಾಠಿಯಲ್ಲಿ 'ಸಂಕಟ' ಎಂದರೆ ವಿಪತ್ತು. ಒಂದೇ ಪದ ಎರಡು ದಡದಲ್ಲಿ ಎರಡು ಅರ್ಥ ತಾಳಿದೆ. ಅನುವಾದಕನು ಹಾಗೆಯೇ ದಾಟಿಸಿದರೆ, ಯಾರೋ ತನಗೆ ಕೇಡು ಮಾಡುತ್ತಾರೆಂಬ ಭ್ರಮೆ ಆಕೆಗಿದೆಯೆಂದು ವೈದ್ಯರು ತಿಳಿದಾರು. "ಜೀವ ಬ್ಯಾಸತ್ತೈತಿ" ಎಂಬ ಮಾತು ಇನ್ನೂ ಸೂಕ್ಷ್ಮ. ದಿನದ ದಣಿವಿನಲ್ಲಿ ಯಾರೂ ಆಡಬಹುದಾದ ಮಾತು ಅದು. ಸಾಯುವ ಮನಸ್ಸಿನ ಸೂಚನೆಯೂ ಆಗಬಲ್ಲದು. ಯಾವುದೆಂದು ತಿಳಿಯಲು ಧ್ವನಿ, ಸಂದರ್ಭ, ಮುಖ ಎಲ್ಲವೂ ಬೇಕು. ಇದಲ್ಲದೆ ಆಸ್ತಿಯ ತಕರಾರಿರುವ ಮನೆಯಲ್ಲಿ ದುಭಾಷಿಯ ನಿಷ್ಠೆ ಯಾರ ಕಡೆಗೆ ಎಂಬುದೂ ಪ್ರಶ್ನೆಯೇ.

ಆಸ್ತಿಯ ಮಾತು ಬಂದುದರಿಂದ ಒಂದು ಸ್ಪಷ್ಟನೆ ಬೇಕು. ಈ ಕಾಯಿದೆ ಹೇಳುವ ಸಾಮರ್ಥ್ಯ ಚಿಕಿತ್ಸೆಯ ನಿರ್ಧಾರಕ್ಕೆ ಸಂಬಂಧಿಸಿದ್ದು. ಖರೀದಿಪತ್ರ, ಕರಾರುಗಳ ಸಾಮರ್ಥ್ಯವನ್ನು 1872ರ ಕರಾರು ಕಾಯಿದೆ ಬೇರೆಯಾಗಿ ಅಳೆಯುತ್ತದೆ. ಆಸ್ಪತ್ರೆಯಲ್ಲಿರುವ ರೋಗಿಯೂ ಬುದ್ಧಿ ತಿಳಿಯಾಗಿರುವ ಹೊತ್ತಿನಲ್ಲಿ ಕರಾರು ಮಾಡಿಕೊಳ್ಳಬಲ್ಲನೆಂಬ ಉದಾಹರಣೆ ಆ ಹಳೆಯ ಕಾಯಿದೆಯಲ್ಲಿಯೇ ಇದೆ. ಒಮ್ಮೆ ಚಿಕಿತ್ಸೆ ಪಡೆದವನ ಸಹಿಗೆ ಎಂದೆಂದಿಗೂ ಬೆಲೆಯಿಲ್ಲವೆಂಬ ಊರಕಟ್ಟೆಯ ನಂಬಿಕೆಗೆ ಆಧಾರವಿಲ್ಲ.

ಸಾಮರ್ಥ್ಯ ಕುಂದಿದಾಗ ರೋಗಿಯ ಪರವಾಗಿ ನಿಲ್ಲುವವನು ನಾಮನಿರ್ದೇಶಿತ ಪ್ರತಿನಿಧಿ. ಅವನನ್ನು ರೋಗಿಯೇ ಮೊದಲೇ ಆರಿಸಿಡಬಹುದು. ಹದಿನೆಂಟು ತುಂಬಿದ ಯಾರೇ ಆಗಲಿ, ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ಮುಂಗಡ ನಿರ್ದೇಶನ ಬರೆದಿಡಬಹುದು. ಪ್ರತಿನಿಧಿಯ ಅರ್ಜಿಯ ಮೇಲೆ ದಾಖಲಿಸಿಕೊಳ್ಳಬೇಕಾದರೆ ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಮೊದಲ ಅವಧಿ 30 ದಿನಗಳನ್ನು ಮೀರಬಾರದು. ಅಷ್ಟರಲ್ಲಿ ಪ್ರತಿನಿಧಿಯೇ ಒಪ್ಪಿಗೆ ಕೊಡುತ್ತಿದ್ದರೆ, ರೋಗಿಯ ಸಾಮರ್ಥ್ಯ ಮರಳಿದೆಯೇ ಎಂದು ಏಳು ದಿನಕ್ಕೊಮ್ಮೆ ನೋಡಬೇಕು. ಸಾಮರ್ಥ್ಯವು ಹೋಗಿ ಬರುವಂಥದು, ಶಾಶ್ವತ ಮುದ್ರೆಯಲ್ಲ ಎಂಬ ತಿಳಿವಳಿಕೆ ಈ ಏಳು ದಿನದ ನಿಯಮದಲ್ಲಿದೆ. ದೂರುಗಳಿಗೆ ಪುನರ್ವಿಮರ್ಶಾ ಮಂಡಳಿಗಳುಂಟು. ಸಂವಿಧಾನದ 350ನೆಯ ವಿಧಿಯು, ಒಂದು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಭಾಷಾ ಅಲ್ಪಸಂಖ್ಯಾತರ ಹಕ್ಕೆಂದರೆ ಶಾಲೆ ಮತ್ತು ನಾಮಫಲಕ ಎಂದಷ್ಟೇ ಎಣಿಸುವವರು ಈ ವಿಧಿಯನ್ನು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಓದಬೇಕು.

ಆತ್ಮಹತ್ಯೆಗೆ ಯತ್ನಿಸುವುದು ಹಳೆಯ ದಂಡಸಂಹಿತೆಯ 309ನೆಯ ಕಲಮಿನಡಿ ಅಪರಾಧವಾಗಿತ್ತು. ಹಾಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಒದಗಿಸುವುದು ಸರಕಾರದ ಹೊಣೆ ಎಂದು 2017ರ ಕಾಯಿದೆ ಹೇಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು 309ನ್ನು ಕೈಬಿಟ್ಟಿತು. ಸರಕಾರಿ ನೌಕರನನ್ನು ಬೆದರಿಸಿ ಮಣಿಸಲೆಂದು ಮಾಡಿದ ಯತ್ನ ಮಾತ್ರ ಅಲ್ಲಿ ಅಪರಾಧವಾಗಿ ಉಳಿದಿದೆ. ಪೊಲೀಸ್ ಕೇಸಿನ ಹೆದರಿಕೆಯಿಂದ ವಿಷ ಕುಡಿದವರನ್ನು ಆಸ್ಪತ್ರೆಗೆ ಒಯ್ಯಲು ತಡಮಾಡುವ ಮನೆಗಳಿಗೆ ಈ ಬದಲಾವಣೆಯ ಸುದ್ದಿ ಮುಟ್ಟಿಸಬೇಕಾಗಿದೆ.

2025ರ ಜುಲೈನಲ್ಲಿ, ವಿಶಾಖಪಟ್ಟಣದಲ್ಲಿ ಸತ್ತ ವಿದ್ಯಾರ್ಥಿನಿಯೊಬ್ಬಳ ಪ್ರಕರಣದಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಮಾನಸಿಕ ಆರೋಗ್ಯವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರು ಇರಬೇಕೆಂದೂ ನಿರ್ದೇಶಿಸಿತು. ಸಮಾಲೋಚಕರಿಗೆ ವಿದ್ಯಾರ್ಥಿಯ ಮನೆಮಾತು ಬರುತ್ತದೆಯೇ ಎಂದು ಗಡಿಭಾಗದ ಕಾಲೇಜುಗಳು ಕೇಳಿಕೊಳ್ಳಬೇಕಾಗುತ್ತದೆ. ಸದ್ಯಕ್ಕೆ ಕೈಗೆಟುಕುವುದು 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ. ಅದರ ಸಂಖ್ಯೆ 14416. ಹಣ ಕೊಡಬೇಕಾಗಿಲ್ಲ, ಕರೆ ಮಾಡಿದವರು ಭಾಷೆಯನ್ನು ಆರಿಸಿಕೊಳ್ಳಬಹುದು. ಆ ಭಾಷೆಗಳಲ್ಲಿ ಕನ್ನಡವೂ ಮರಾಠಿಯೂ ಇವೆ.