ಎಚ್‌ಐವಿ ಮಾತ್ರೆಯ ಜೊತೆಗೆ ಕ್ಯಾನ್ಸರ್ ತಪಾಸಣೆಯೂ ಇರಲಿ

ನಾನು ನೆಲೆಸಿರುವುದು ಚೆನ್ನೈನ ಕೀಲ್ಪಾಕ್‌ನಲ್ಲಿ. ದೇಶದ ಮೊದಲ ಎಚ್‌ಐವಿ ಪ್ರಕರಣಗಳು 1986ರಲ್ಲಿ ಪತ್ತೆಯಾಗಿದ್ದು ಇದೇ ನಗರದಲ್ಲಿ, ಮದ್ರಾಸ್ ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರಿಂದ. 2004ರಿಂದ ಸರ್ಕಾರ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಿದೆ. ಸೋಂಕಿತರ ಆಯಸ್ಸು ಹೆಚ್ಚಿದೆ. ಜೊತೆಗೆ ಕ್ಯಾನ್ಸರ್ ಚಿಂತೆಯೂ ಬಂದಿದೆ.

ರೋಗನಿರೋಧಕ ಶಕ್ತಿ ಕುಗ್ಗಿದಾಗ ದೇಹದೊಳಗಿನ ಬೇರೆ ವೈರಸ್‌ಗಳು ತಲೆ ಎತ್ತುತ್ತವೆ. ಕಪೋಸಿ ಸಾರ್ಕೋಮಾ, ನಾನ್-ಹಾಡ್ಜ್‌ಕಿನ್ ಲಿಂಫೋಮಾ, ಗರ್ಭಕಂಠದ ಕ್ಯಾನ್ಸರ್ ಇವು ಏಡ್ಸ್ ಹಂತವನ್ನು ಸೂಚಿಸುವ ಮೂರು ಕ್ಯಾನ್ಸರ್‌ಗಳು. ಆಫ್ರಿಕಾದಲ್ಲಿ ಹೆಚ್ಚು ಕಾಣುವ ಕಪೋಸಿ ನಮ್ಮಲ್ಲಿ ಅಪರೂಪ. ನಮ್ಮ ಹೆಣ್ಣುಮಕ್ಕಳಿಗೆ ದೊಡ್ಡ ಅಪಾಯ ಎಚ್‌ಪಿವಿಯಿಂದ ಬರುವ ಗರ್ಭಕಂಠದ ಕ್ಯಾನ್ಸರ್. ಎಚ್‌ಐವಿ ಇರುವ ಮಹಿಳೆಯರಲ್ಲಿ ಇದರ ಸಾಧ್ಯತೆ ಇತರರಿಗಿಂತ ಆರು ಪಟ್ಟು ಹೆಚ್ಚು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರಿಗೆ 25ನೇ ವಯಸ್ಸಿನಿಂದಲೇ, 3ರಿಂದ 5 ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆ ಮಾಡಬೇಕು ಎಂಬುದು ಅದರ ಸಲಹೆ.

ಕ್ಯಾನ್ಸರ್ ಆಗುವ ಮೊದಲಿನ ಬದಲಾವಣೆ ಸಿಕ್ಕರೆ ಚಿಕಿತ್ಸೆ ಸುಲಭ. ಆದರೆ ಯಾರಿಗಾದರೂ ತಿಳಿದೀತೆಂಬ ಅಂಜಿಕೆಯೇ ಹಲವರನ್ನು ತಡೆಯುತ್ತದೆ. ಸೋಂಕಿತರಿಗೆ ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಬೆಂಗಳೂರಾಗಲಿ, ಚೆನ್ನೈ ಆಗಲಿ, ಮುಂದಿನ ಬಾರಿ ಮಾತ್ರೆಗೆ ಹೋದಾಗ ಗರ್ಭಕಂಠದ ತಪಾಸಣೆಯನ್ನೂ ಕೇಳಿ ಪಡೆಯಿರಿ.