ಗೆದ್ದ ನಾಯಕನ ಸೋಲು

1945ನೆಯ ಇಸವಿ ಮೇ 8ರಂದು ಯೂರೋಪಿನಲ್ಲಿ ಎರಡನೆಯ ಮಹಾಯುದ್ಧದ ವಿಜಯೋತ್ಸವ ನಡೆಯಿತು. ಲಂಡನ್ ನಗರದ ಬೀದಿಗಳಲ್ಲಿ ಜನಸಾಗರವೇ ನೆರೆದಿತ್ತು. ಸರ್ಕಾರಿ ಕಟ್ಟಡವೊಂದರ ಮೊಗಸಾಲೆಯಲ್ಲಿ ಪ್ರಧಾನಮಂತ್ರಿ ವಿನ್‌ಸ್ಟನ್ ಚರ್ಚಿಲ್ಲರು ಕಾಣಿಸಿಕೊಂಡಾಗ ಜಯಘೋಷ ಮುಗಿಲು ಮುಟ್ಟಿತು. ಎರಡು ತಿಂಗಳು ತುಂಬುವ ಮೊದಲೇ, ಜುಲೈ 5ರಂದು, ಅದೇ ಜನ ಮತ ನೀಡಿ ಅವರ ಪಕ್ಷವನ್ನು ಸೋಲಿಸಿದರು. ಹೊರದೇಶಗಳಲ್ಲಿದ್ದ ಸೈನಿಕರ ಮತಗಳು ಬಂದು ಸೇರಬೇಕಾಗಿದ್ದುದರಿಂದ ಫಲಿತಾಂಶ ಪ್ರಕಟವಾದದ್ದು ಜುಲೈ 26ರಂದು. 640 ಸ್ಥಾನಗಳಲ್ಲಿ 393 ಸ್ಥಾನಗಳು ಲೇಬರ್ ಪಕ್ಷದ ಪಾಲಾಗಿದ್ದವು. ಯುದ್ಧವನ್ನು ಗೆದ್ದುಕೊಟ್ಟ ನಾಯಕನಿಗೆ ಜನ ಹೀಗೇಕೆ ಮಾಡಿದರು?

ಚರ್ಚಿಲ್ಲರು ಸಾಮಾನ್ಯ ನಾಯಕರಲ್ಲ. 1940ರ ಮೇ ತಿಂಗಳಲ್ಲಿ ಅವರು ಪ್ರಧಾನಿಯಾದಾಗ ಹಿಟ್ಲರನ ಸೇನೆ ಫ್ರಾನ್ಸನ್ನು ನುಗ್ಗಿ ಬರುತ್ತಿತ್ತು. ನಗರಗಳ ಮೇಲೆ ಬಾಂಬುಗಳು ಬೀಳುತ್ತಿದ್ದ ದಿನಗಳಲ್ಲಿ ರೇಡಿಯೋದಲ್ಲಿ ಕೇಳಿಬರುತ್ತಿದ್ದ ಅವರ ಮಾತು ಜನರ ಎದೆಗುಂದದಂತೆ ಕಾಯಿತು. ಸೋಲಿನ ವರ್ಷದಲ್ಲಿಯೂ ಅವರ ಮೇಲಿನ ಅಭಿಮಾನ ಬತ್ತಿರಲಿಲ್ಲ. ಆದುದರಿಂದ ಸೋಲಿನ ಕಾರಣವನ್ನು ಬೇರೆಡೆ ಹುಡುಕಬೇಕು.

ಮೊದಲನೆಯದಾಗಿ, ಸಂಸದೀಯ ಪದ್ಧತಿಯಲ್ಲಿ ಮತದಾರರು ಪ್ರಧಾನಿಯನ್ನು ನೇರವಾಗಿ ಆರಿಸುವುದಿಲ್ಲ. ತಮ್ಮ ಕ್ಷೇತ್ರದ ಸದಸ್ಯನನ್ನು ಆರಿಸುತ್ತಾರೆ. ಚರ್ಚಿಲ್ಲರ ಹೆಸರು ಮತಪತ್ರದಲ್ಲಿದ್ದುದು ಒಂದೇ ಕ್ಷೇತ್ರದಲ್ಲಿ. ಅಲ್ಲಿ ಅವರು ಸುಲಭವಾಗಿ ಗೆದ್ದರು. ಉಳಿದೆಡೆ ಜನರ ಮುಂದೆ ಇದ್ದುದು ಅವರ ಕನ್ಸರ್ವೇಟಿವ್ ಪಕ್ಷ. ಆ ಪಕ್ಷದ ಹೆಸರು ಕೇಳಿದೊಡನೆ ಜನರಿಗೆ ನೆನಪಾಗುತ್ತಿದ್ದುದು ಯುದ್ಧಪೂರ್ವದ ಕಷ್ಟಕಾಲ. 1930ರ ದಶಕದ ಆರಂಭದಲ್ಲಿ ಆ ದೇಶದ ನಿರುದ್ಯೋಗಿಗಳ ಸಂಖ್ಯೆ ಮೂವತ್ತು ಲಕ್ಷದ ಹತ್ತಿರ ಬಂದಿತ್ತು. 1938ರಲ್ಲಿ ಮ್ಯೂನಿಕ್ ನಗರದಲ್ಲಿ ಹಿಟ್ಲರನಿಗೆ ಮಣಿದ ಪ್ರಧಾನಿ ಚೇಂಬರ್ಲಿನ್ನರೂ ಅದೇ ಪಕ್ಷದವರು. ಚರ್ಚಿಲ್ಲರು ಅದನ್ನು ಕಟುವಾಗಿ ವಿರೋಧಿಸಿದ್ದರು, ನಿಜ. ಆದರೆ ಪಕ್ಷದ ಋಣವೆಲ್ಲ ನಾಯಕನ ತಲೆಯ ಮೇಲೆ ಬಂದಿತು.

ಎರಡನೆಯದಾಗಿ, ಯುದ್ಧ ಮುಗಿಯುತ್ತಿದ್ದಂತೆ ಜನರ ಚಿಂತೆಯೇ ಬದಲಾಯಿತು. ಬಾಂಬಿಗೆ ಸಿಕ್ಕಿ ಮನೆಗಳು ನೆಲಸಮವಾಗಿದ್ದವು. ಹಿಂದಿರುಗುವ ಸೈನಿಕನಿಗೆ ಉದ್ಯೋಗವಿದೆಯೆ? ಕಾಯಿಲೆ ಬಿದ್ದರೆ ಔಷಧಕ್ಕೆ ಹಣವೆಲ್ಲಿ? ಇದಕ್ಕೆ ಪರಿಹಾರವಾಗಿ ಸಾಮಾಜಿಕ ವಿಮಾ ಯೋಜನೆಯೊಂದನ್ನು ವಿಲಿಯಂ ಬೆವರಿಜ್ಜರು 1942ರಲ್ಲಿಯೇ ಸೂಚಿಸಿದ್ದರು. ಅವರ ವರದಿಯ ಪ್ರತಿಗಳು ಲಕ್ಷಗಟ್ಟಲೆ ಮಾರಾಟವಾದವು. ಅದನ್ನು ಕೈಗೂಡಿಸುವುದಾಗಿ ಲೇಬರ್ ಪಕ್ಷ ದೃಢವಾಗಿ ಹೇಳಿತು; ಚರ್ಚಿಲ್ಲರ ಮಾತಿನಲ್ಲಿ ಅಷ್ಟು ಉತ್ಸಾಹ ಜನರಿಗೆ ಕಾಣಲಿಲ್ಲ.

ಮೂರನೆಯದಾಗಿ, ಲೇಬರ್ ನಾಯಕರು ಜನರಿಗೆ ಹೊಸಬರಾಗಿರಲಿಲ್ಲ. ಯುದ್ಧಕಾಲದ ಸಂಯುಕ್ತ ಸರ್ಕಾರದಲ್ಲಿ ಕ್ಲೆಮೆಂಟ್ ಆಟ್ಲಿಯವರು ಉಪಪ್ರಧಾನಿ. ಅರ್ನೆಸ್ಟ್ ಬೆವಿನ್ನರು ಕಾರ್ಮಿಕ ಸಚಿವರು. ಚರ್ಚಿಲ್ಲರು ರಣರಂಗವನ್ನು ನೋಡಿಕೊಳ್ಳುತ್ತಿದ್ದಾಗ ಮನೆವಾರ್ತೆಯ ಹೊಣೆಯನ್ನು ಬಹುಮಟ್ಟಿಗೆ ಹೊತ್ತವರು ಇವರು. ಹೀಗಿರಲು, ಜೂನ್ 4ರ ರೇಡಿಯೋ ಭಾಷಣದಲ್ಲಿ ಚರ್ಚಿಲ್ಲರು, ಸಮಾಜವಾದಿ ಸರ್ಕಾರ ನಡೆಯಬೇಕಾದರೆ ಹಿಟ್ಲರನ ಗುಪ್ತ ಪೊಲೀಸರಂಥ ಪಡೆಯೊಂದು ಬೇಕಾದೀತು ಎಂದು ಎಚ್ಚರಿಸಿದರು. ಐದು ವರ್ಷ ಅವರ ಪಕ್ಕದಲ್ಲಿಯೇ ಕುಳಿತು ದುಡಿದ ಸೌಮ್ಯ ಸ್ವಭಾವದ ಆಟ್ಲಿಯವರನ್ನು ಕಂಡಿದ್ದ ಜನರಲ್ಲಿ ಅನೇಕರಿಗೆ ಈ ಮಾತು ಹಿಡಿಸಲಿಲ್ಲ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ನೆನೆದು ಆ ಜನರನ್ನು ಕೃತಘ್ನರೆನ್ನೋಣವೆ? ಅದು ಅವಸರದ ತೀರ್ಪಾದೀತು. ತುಂಬಿದ ಹೊಳೆಯನ್ನು ದಾಟಿಸಲು ಬೇಕಾದುದು ಅಂಬಿಗನ ಎದೆಗಾರಿಕೆ. ದಡದಲ್ಲಿ ಮನೆ ಕಟ್ಟಿ ಹೊಲ ಉಳಲು ಬೇಕಾದುದು ಬೇರೆಯ ಕುಶಲತೆ. ಅಂಬಿಗನನ್ನು ಗೌರವಿಸುತ್ತಲೇ ನೇಗಿಲನ್ನು ಬೇರೆಯವರ ಕೈಗೆ ಕೊಡಬಹುದು. ಸೋಲಿನ ದಿನ ವೈದ್ಯರು ಜನರ ಕೃತಘ್ನತೆಯ ಮಾತೆತ್ತಿದಾಗ ಚರ್ಚಿಲ್ಲರೇ ಅದನ್ನು ಒಪ್ಪದೆ, ಜನ ಬಹಳ ಕಷ್ಟಪಟ್ಟಿದ್ದಾರೆ ಎಂದರಂತೆ. ಅಂದೇ ಸಂಜೆ ಅವರು ದೊರೆಗೆ ರಾಜೀನಾಮೆ ಸಲ್ಲಿಸಿದರು. ಪಾಟ್ಸ್‌ಡ್ಯಾಮಿನ ಮಹಾಸಮ್ಮೇಳನದಲ್ಲಿ ಸ್ಟಾಲಿನ್ ಮತ್ತು ಟ್ರೂಮನ್ನರ ಎದುರು ಅವರು ಕುಳಿತಿದ್ದ ಪೀಠದಲ್ಲಿ ಆಟ್ಲಿಯವರು ಕುಳಿತರು. ಒಂದು ಗುಂಡೂ ಹಾರದೆ ಅಧಿಕಾರ ಕೈ ಬದಲಾಯಿತು.

ಹೊಸ ಸರ್ಕಾರ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಜಾರಿಗೆ ತಂದಿತು. ಭಾರತದ ಸ್ವಾತಂತ್ರ್ಯವನ್ನು ಚರ್ಚಿಲ್ಲರು ಬಹುಕಾಲ ವಿರೋಧಿಸಿದ್ದರು. 1947ರಲ್ಲಿ ನಮಗೆ ಅಧಿಕಾರವನ್ನು ಹಸ್ತಾಂತರಿಸಿದುದು ಆಟ್ಲಿಯವರ ಸರ್ಕಾರ. 1951ರ ಚುನಾವಣೆಯಲ್ಲಿ ಚರ್ಚಿಲ್ಲರ ಪಕ್ಷ ಮರಳಿ ಬಹುಮತ ಪಡೆದು, ಅವರು ಮತ್ತೆ ಪ್ರಧಾನಿಯಾದರು.

ಮತವೆಂಬುದು ನಿನ್ನೆಯ ಸಾಹಸಕ್ಕೆ ತೊಡಿಸುವ ಹಾರವಲ್ಲ. ನಾಳೆಯ ಕೆಲಸಕ್ಕೆ ಒಪ್ಪಿಸುವ ಹೊಣೆ. ಅಂದಿನ ಮತದಾರರು ಕೃತಜ್ಞತೆಯನ್ನು ಹೃದಯದಲ್ಲಿರಿಸಿಕೊಂಡು, ಮತವನ್ನು ವಿವೇಚನೆಯಿಂದ ಚಲಾಯಿಸಿದರು. ಮುಂದೆ ಮತದಾರರಾಗಲಿರುವ ನೀವು ಈ ಭೇದವನ್ನು ಅರಿತಿರುವುದು ಒಳ್ಳೆಯದು.